ತೋರಿಸಿದ್ದೆಲ್ಲ ಕಲಿಸಿದಂತಲ್ಲ: ತಂತ್ರಾಂಶ ಪಾಠದ ವಿಡಿಯೋಗಳು ನಡೆದುಬಂದ ದಾರಿ

ನೀವು ಹೊಸ ತಂತ್ರಾಂಶವೊಂದನ್ನು ಕಲಿಯಲು ಕುಳಿತಿದ್ದೀರಿ ಎಂದುಕೊಳ್ಳಿ. ಪಕ್ಕದಲ್ಲಿ ಅದನ್ನು ಚೆನ್ನಾಗಿ ಬಲ್ಲ ಗೆಳೆಯರೊಬ್ಬರಿದ್ದಾರೆ. ಅವರು ಮೌಸನ್ನು ನಿಮ್ಮ ಕೈಯಿಂದ ತೆಗೆದುಕೊಂಡು, 'ನೋಡಿ, ಹೀಗೆ, ಹೀಗೆ, ಆಮೇಲೆ ಹೀಗೆ, ಆಯಿತಲ್ಲ!' ಎನ್ನುತ್ತಾರೆ. ನೀವೂ ತಲೆಯಾಡಿಸುತ್ತೀರಿ. ಅವರು ಎದ್ದು ಹೋದ ಮೇಲೆ ನೀವೇ ಮಾಡಲು ಹೊರಟರೆ ಮೊದಲ ಹೆಜ್ಜೆಯಲ್ಲೇ ತಡವರಿಸುತ್ತೀರಿ. ಈ ಅನುಭವ ನಮ್ಮಲ್ಲಿ ಯಾರಿಗಿಲ್ಲ?

ಇದು ಗೆಳೆಯರ ತಪ್ಪಲ್ಲ, ನಿಮ್ಮ ದಡ್ಡತನವೂ ಅಲ್ಲ. ತೋರಿಸುವುದು ಮತ್ತು ಕಲಿಸುವುದು ಬೇರೆಬೇರೆ ಕೆಲಸಗಳು. ತಂತ್ರಾಂಶವನ್ನು ಪರಿಚಯಿಸುವ ವಿಡಿಯೋಗಳ ಇತಿಹಾಸವೆಂದರೆ ಒಂದು ರೀತಿಯಲ್ಲಿ ಈ ವ್ಯತ್ಯಾಸವನ್ನು ಕಂಡುಕೊಂಡ ಇತಿಹಾಸವೇ ಆಗಿದೆ. ಇಂದು ಮೊಬೈಲ್ ಹಿಡಿದ ಯಾವ ಶಿಕ್ಷಕರೂ ಪಾಠದ ವಿಡಿಯೋ ಮಾಡಬಲ್ಲರು. ಆದ್ದರಿಂದಲೇ ಈ ಇತಿಹಾಸವನ್ನು ಒಮ್ಮೆ ತಿರುಗಿ ನೋಡುವುದು ಉಪಯುಕ್ತ.

ಬೆರಗಾದ ಸಭೆ

ಕೆಲಸವನ್ನು ಚಲನಚಿತ್ರದ ಮೂಲಕ ಕಲಿಸುವ ಪ್ರಯತ್ನ ಗಣಕಕ್ಕಿಂತ ಹಳೆಯದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಸೇನೆ ಮತ್ತು ಕಾರ್ಖಾನೆಗಳು ಲಕ್ಷಾಂತರ ಹೊಸಬರಿಗೆ ಬೇಗನೆ ಕೆಲಸ ಕಲಿಸಬೇಕಾಯಿತು. ಮಿಕ್ಕಿ ಮೌಸ್ ಖ್ಯಾತಿಯ ಡಿಸ್ನಿ ಸ್ಟುಡಿಯೊ ಕೂಡ 1940ರ ದಶಕದ ಆರಂಭದಲ್ಲಿ, ವಿಮಾನದ ತಗಡುಗಳಿಗೆ ರಿವೆಟ್ ಹೊಡೆಯುವ ನಾಲ್ಕು ವಿಧಾನಗಳನ್ನು ಕುರಿತು ಒಂದು ಚಿತ್ರವನ್ನು ತಯಾರಿಸಿತ್ತು!

ಗಣಕದ ಪರದೆಯ ಮೇಲೆ ನಡೆಯುವುದನ್ನು ಸಭೆಗೆ ತೋರಿಸಿದ ಅತಿ ಪ್ರಸಿದ್ಧ ಘಟನೆ ನಡೆದದ್ದು 1968ರ ಡಿಸೆಂಬರ್ 9ರಂದು, ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ. ಗಣಕ ತಜ್ಞರ ಸಮ್ಮೇಳನವೊಂದರಲ್ಲಿ ಡಗ್ಲಸ್ ಎಂಗಲ್‌ಬಾರ್ಟ್ ಎಂಬ ಎಂಜಿನಿಯರ್ ಸುಮಾರು 90 ನಿಮಿಷಗಳ ಪ್ರಾತ್ಯಕ್ಷಿಕೆ ನೀಡಿದರು. ಅವರ ಗಣಕ ಇದ್ದದ್ದು ಸುಮಾರು 50 ಕಿಲೋಮೀಟರ್ ದೂರದ ಮೆನ್ಲೊ ಪಾರ್ಕಿನ ಪ್ರಯೋಗಾಲಯದಲ್ಲಿ. ಅಲ್ಲಿನ ಪರದೆಯ ಚಿತ್ರ ಮೈಕ್ರೋವೇವ್ ಸಂಪರ್ಕದ ಮೂಲಕ ಸಭಾಂಗಣದ ದೊಡ್ಡ ತೆರೆಯ ಮೇಲೆ ಮೂಡುತ್ತಿತ್ತು. ಅದರ ಮೇಲೆಯೇ ಎಂಗಲ್‌ಬಾರ್ಟ್ ಅವರ ಮುಖವೂ ಕಾಣಿಸುತ್ತಿತ್ತು. ತಲೆಗೆ ಸಿಕ್ಕಿಸಿದ ಮೈಕಿನಲ್ಲಿ ಅವರು ವಿವರಿಸುತ್ತಿದ್ದರು. ಇಂದಿನ ಪಾಠದ ವಿಡಿಯೋಗಳಲ್ಲಿ ಮೂಲೆಯೊಂದರಲ್ಲಿ ಶಿಕ್ಷಕರ ಮುಖ ಕಾಣುವುದಿಲ್ಲವೆ? ಅದರ ಮೂಲರೂಪ ಅಂದೇ ಸಿದ್ಧವಾಗಿತ್ತು.

ಮೌಸ್, ಹೈಪರ್‌ಟೆಕ್ಸ್ಟ್, ಪರದೆಯ ಮೇಲೆ ಪಠ್ಯ ತಿದ್ದುವುದು, ದೂರದಲ್ಲಿರುವವರೊಡನೆ ಒಂದೇ ಪರದೆಯಲ್ಲಿ ಕೆಲಸ ಮಾಡುವುದು - ಎಲ್ಲವನ್ನೂ ಅಂದು ತೋರಿಸಲಾಯಿತು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಮುಂದೆ ಇದಕ್ಕೆ 'ಎಲ್ಲ ಪ್ರಾತ್ಯಕ್ಷಿಕೆಗಳ ತಾಯಿ' ಎಂಬ ಹೆಸರೇ ಬಂತು. ಇದರ ಚಿತ್ರೀಕರಣ ಇಂದಿಗೂ ಉಳಿದಿದೆ. ಆದರೆ ಗಮನಿಸಿ: ಅದನ್ನು ನೋಡಿದವರಲ್ಲಿ ಯಾರೂ ಆ ತಂತ್ರಾಂಶವನ್ನು ಬಳಸಲು ಕಲಿಯಲಿಲ್ಲ. ಕಲಿಸುವುದು ಅದರ ಉದ್ದೇಶವೂ ಆಗಿರಲಿಲ್ಲ. ಹೀಗೂ ಸಾಧ್ಯ ಎಂದು ತೋರಿಸುವುದಷ್ಟೇ ಅದರ ಗುರಿ, ಅದು ಈಡೇರಿತು. ತೊಂದರೆ ಶುರುವಾದದ್ದು, ಇದೇ ಮಾದರಿಯನ್ನು ಪಾಠಕ್ಕೂ ಬಳಸಬಹುದೆಂದು ನಾವೆಲ್ಲ ಭಾವಿಸಿದಾಗ.

ಕೈಪಿಡಿ ಓದದ ಬಳಕೆದಾರ

1980ರ ದಶಕದಲ್ಲಿ ಗಣಕ ಕಚೇರಿಗಳಿಗೆ ಬಂತು. ಅದರೊಡನೆ ದಪ್ಪನೆಯ ಕೈಪಿಡಿಗಳೂ ಬಂದವು. ಐಬಿಎಂ ಸಂಸ್ಥೆಯ ವಾಟ್ಸನ್ ಸಂಶೋಧನಾ ಕೇಂದ್ರದಲ್ಲಿ ಜಾನ್ ಕ್ಯಾರೊಲ್ ಮತ್ತು ಸಂಗಡಿಗರು, ಕಚೇರಿಯ ಸಿಬ್ಬಂದಿ ಪದಸಂಸ್ಕರಣ ಯಂತ್ರಗಳನ್ನು ಕಲಿಯುವ ಬಗೆಯನ್ನು ಕುಳಿತು ವೀಕ್ಷಿಸಿದರು. ಕೈಪಿಡಿ ಬರೆದವರು ಊಹಿಸಿದ ರೀತಿಯಲ್ಲಿ ಅಲ್ಲಿ ಯಾರೂ ಕಲಿಯುತ್ತಿರಲಿಲ್ಲ. ಪೀಠಿಕೆಯನ್ನು ಬಿಟ್ಟು ನೇರವಾಗಿ ಗುಂಡಿಗಳನ್ನು ಒತ್ತುತ್ತಿದ್ದರು. ಎಲ್ಲೋ ಒಂದು ಹೆಜ್ಜೆ ತಪ್ಪಿದರೆ ಪರದೆ ಬೇರೆಯಾಗುತ್ತಿತ್ತು. ಮುಂದಿನ ಸೂಚನೆಗಳೆಲ್ಲ ಹೊಂದಿಕೆಯಾಗದೆ ತಪ್ಪಿನ ಮೇಲೆ ತಪ್ಪು ಬೆಳೆಯುತ್ತಿತ್ತು.

ಕ್ಯಾರೊಲ್ ಇದಕ್ಕೆ ಎರಡು ಪರಿಹಾರಗಳನ್ನು ಪರೀಕ್ಷಿಸಿದರು. ಒಂದು, 'ಕಿರು ಕೈಪಿಡಿ'. ಅದರಲ್ಲಿ ಸಿದ್ಧಾಂತ ಕಡಿಮೆ, ಕೆಲಸ ಹೆಚ್ಚು. ಜೊತೆಗೆ ತಪ್ಪಾದರೆ ಹೇಗೆ ಸರಿಪಡಿಸಿಕೊಳ್ಳಬೇಕೆಂಬ ಸೂಚನೆ. ಇನ್ನೊಂದು, ಮಕ್ಕಳ ಸೈಕಲ್ಲಿಗೆ ಪಕ್ಕದ ಪುಟ್ಟ ಚಕ್ರಗಳಿರುವಂತೆ, ಹೊಸಬರಿಗೆ ಅಪಾಯಕಾರಿಯಾದ ಆಯ್ಕೆಗಳನ್ನು ತಾತ್ಕಾಲಿಕವಾಗಿ ಮುಚ್ಚಿಟ್ಟ ತಂತ್ರಾಂಶ. ಎರಡರಿಂದಲೂ ಕಲಿಕೆ ಚುರುಕಾಯಿತು. ಇಲ್ಲಿ ವಿಡಿಯೋ ಇಲ್ಲ, ನಿಜ. ಆದರೆ ಮುಂದೆ ಒಳ್ಳೆಯ ವಿಡಿಯೋಗಳನ್ನು ರೂಪಿಸಿದವರು ಹೋಗಿ ನಿಂತದ್ದು ಈ ತಳಪಾಯದ ಮೇಲೆಯೇ.

ಅದೇ ಕಾಲದಲ್ಲಿ, 1984ರಲ್ಲಿ, ಆಪಲ್ ಸಂಸ್ಥೆಯ ಮೊದಲ ಮೆಕಿಂತಾಷ್ ಗಣಕ ಮಾರುಕಟ್ಟೆಗೆ ಬಂತು. ಅದರ ಪೆಟ್ಟಿಗೆಯಲ್ಲಿ ಒಂದು 'ಮಾರ್ಗದರ್ಶಿ ಪ್ರವಾಸ'ದ ಫ್ಲಾಪಿ ಡಿಸ್ಕ್ ಮತ್ತು ಒಂದು ಆಡಿಯೋ ಕ್ಯಾಸೆಟ್ ಇದ್ದವು. ಪರದೆಯ ಮೇಲಿನ ಪ್ರಾತ್ಯಕ್ಷಿಕೆ ಡಿಸ್ಕಿನಿಂದ, ವಿವರಣೆಯ ಧ್ವನಿ ಕ್ಯಾಸೆಟ್ಟಿನಿಂದ! ಎರಡನ್ನೂ ಹೊಂದಿಸಿಕೊಂಡು ಹೋಗುವುದು ಬಳಕೆದಾರರ ಜವಾಬ್ದಾರಿ. ಆಗಿನ ಫ್ಲಾಪಿಯಲ್ಲಿ 400 ಕಿಲೋಬೈಟ್ ಮಾತ್ರ ಜಾಗ. ಅಷ್ಟರಲ್ಲಿ ದೀರ್ಘ ಧ್ವನಿಮುದ್ರಣವನ್ನು ತುಂಬಲು ಸಾಧ್ಯವಿರಲಿಲ್ಲ.

ಪರದೆಯನ್ನು ಮುದ್ರಿಸುವ ಲೆಕ್ಕ

ಹಾಗಾದರೆ ಪರದೆಯ ಚಲನೆಯನ್ನೇ ಧ್ವನಿಯೊಡನೆ ಮುದ್ರಿಸಿಡಲು ಏನು ಅಡ್ಡಿಯಿತ್ತು? ಒಂದು ಸಣ್ಣ ಲೆಕ್ಕ ಮಾಡೋಣ. 1990ರ ದಶಕದ ಸಾಮಾನ್ಯ ಪರದೆಯಲ್ಲಿ 640 x 480 ಚುಕ್ಕೆಗಳು, ಅಂದರೆ 3,07,200 ಚುಕ್ಕೆಗಳು. 256 ಬಣ್ಣಗಳಿದ್ದರೆ ಒಂದು ಚುಕ್ಕೆಗೆ ಒಂದು ಬೈಟ್. ಸೆಕೆಂಡಿಗೆ 10 ಚಿತ್ರಗಳಂತೆ ಮುದ್ರಿಸಿದರೆ ಸೆಕೆಂಡಿಗೆ ಸುಮಾರು 30 ಲಕ್ಷ ಬೈಟ್. ಹತ್ತು ನಿಮಿಷದ ಪಾಠಕ್ಕೆ ಸುಮಾರು 184 ಕೋಟಿ ಬೈಟ್! 650 ಮೆಗಾಬೈಟಿನ ಒಂದು ಸಿ.ಡಿ.ಯಲ್ಲಿ ನಾಲ್ಕು ನಿಮಿಷದ ಪಾಠವೂ ಹಿಡಿಸದು.

ದಾರಿ ತೋರಿಸಿದ್ದು ಪರದೆಯದೇ ಒಂದು ಗುಣ. ಸಿನೆಮಾದಲ್ಲಿ ಪ್ರತಿ ಚಿತ್ರವೂ ಬದಲಾಗುತ್ತಿರುತ್ತದೆ. ಗಣಕದ ಪರದೆ ಹಾಗಲ್ಲ, ಬಹುಪಾಲು ಹೊತ್ತು ಅಲ್ಲಾಡದೆ ಇರುತ್ತದೆ. ಮೌಸಿನ ಬಾಣ ಸರಿದರೆ ಬದಲಾಗುವುದು ಎರಡು ಚಿಕ್ಕ ಚೌಕಗಳು ಮಾತ್ರ: ಬಾಣ ಮೊದಲು ಇದ್ದ ಜಾಗ, ಈಗ ಇರುವ ಜಾಗ. ಒಂದೊಂದು ಚೌಕದಲ್ಲಿ 32 x 32 ಚುಕ್ಕೆಗಳೆಂದರೂ ಒಟ್ಟು 2,048 ಬೈಟ್. ಇಡೀ ಪರದೆಯ ಬದಲು ಇಷ್ಟನ್ನೇ ಬರೆದಿಟ್ಟರೆ ಕೆಲಸ 150 ಪಟ್ಟು ಹಗುರ. ಬದಲಾದುದನ್ನು ಮಾತ್ರ ದಾಖಲಿಸುವ ಈ ಉಪಾಯದಿಂದ ಪರದೆ ಮುದ್ರಣ ಸಾಮಾನ್ಯ ಗಣಕಗಳಿಗೂ ನಿಲುಕಿತು. ಲೋಟಸ್ ಸ್ಕ್ರೀನ್‌ಕ್ಯಾಮ್ 1990ರ ದಶಕದಲ್ಲಿ ಬಂತು. ಮುಂದೆ ಕ್ಯಾಂಟೇಸಿಯ ಬಂತು. ಮುಕ್ತ ತಂತ್ರಾಂಶಗಳಲ್ಲಿ ಕ್ಯಾಮ್‌ಸ್ಟುಡಿಯೊ, ರೆಕಾರ್ಡ್‌ಮೈಡೆಸ್ಕ್‌ಟಾಪ್ ಮುಂತಾದವು ಸೇರಿಕೊಂಡವು.

ಈ ಹೊಸ ಪ್ರಕಾರಕ್ಕೆ ಹೆಸರೇ ಇರಲಿಲ್ಲ. 2004ರಲ್ಲಿ ಜಾನ್ ಉಡೆಲ್ ಎಂಬ ಅಮೆರಿಕದ ತಂತ್ರಜ್ಞಾನ ಪತ್ರಕರ್ತರು ಹೆಸರು ಸೂಚಿಸುವಂತೆ ತಮ್ಮ ಓದುಗರನ್ನು ಕೇಳಿದರು. ಬಂದ ಸಲಹೆಗಳಿಂದ 'ಸ್ಕ್ರೀನ್‌ಕ್ಯಾಸ್ಟ್' ಎಂಬ ಪದ ಆಯ್ಕೆಯಾಯಿತು. ಮರುವರ್ಷವೇ ಯೂಟ್ಯೂಬ್ ಆರಂಭವಾಯಿತು. 2006ರಲ್ಲಿ ಅದು ಸಾಮಾನ್ಯ ಬಳಕೆದಾರರ ವಿಡಿಯೋಗಳಿಗೆ 10 ನಿಮಿಷಗಳ ಮಿತಿ ಹಾಕಿತು. ಉದ್ದೇಶ ಬೇರೆಯೇ ಆಗಿದ್ದರೂ, ಪಾಠ ಮಾಡುವವರಿಗೆ ಇದರಿಂದ ಒಂದು ಒಳ್ಳೆಯ ಅಭ್ಯಾಸವಾಯಿತೆನ್ನಬೇಕು.

ಒಂದು ವಾರದ ನಂತರ

ಈಗ ಮೂಲ ಪ್ರಶ್ನೆಗೆ ಬರೋಣ. ನೋಡಿದವರು ಕಲಿತರೆ?

1990ರ ದಶಕದ ಆರಂಭದಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ಸೂಸನ್ ಪಾಮಿಟರ್ ಮತ್ತು ಜೇ ಎಲ್ಕರ್ಟನ್ ಇದನ್ನು ಪ್ರಯೋಗಕ್ಕೆ ಒಳಪಡಿಸಿದರು. ಹೈಪರ್‌ಕಾರ್ಡ್ ಎಂಬ ತಂತ್ರಾಂಶವನ್ನು ಕಲಿಸಬೇಕಿತ್ತು. ಕೆಲವರಿಗೆ ಪರದೆಯ ಮೇಲೆ ಚಲಿಸುವ ಪ್ರಾತ್ಯಕ್ಷಿಕೆ, ಕೆಲವರಿಗೆ ಬರವಣಿಗೆಯ ಸೂಚನೆ, ಇನ್ನು ಕೆಲವರಿಗೆ ಪ್ರಾತ್ಯಕ್ಷಿಕೆಯ ಜೊತೆ ಮಾತಿನ ವಿವರಣೆ. ಕಲಿಯುವ ದಿನ ಪ್ರಾತ್ಯಕ್ಷಿಕೆ ನೋಡಿದವರೇ ಮುಂದು. ಅವರ ಕೆಲಸ ಬೇಗ, ತಪ್ಪು ಕಡಿಮೆ. ಸಂಶೋಧಕರು ಇಲ್ಲಿಗೇ ನಿಲ್ಲಿಸಿದ್ದರೆ 'ವಿಡಿಯೋ ಶ್ರೇಷ್ಠ' ಎಂದು ಬರೆದು ಮುಗಿಸಬಹುದಿತ್ತು. ಅವರು ಒಂದು ವಾರ ಬಿಟ್ಟು ಮತ್ತೆ ಪರೀಕ್ಷಿಸಿದರು. ಈಗ ಫಲಿತಾಂಶ ಬೇರೆಯಾಗಿತ್ತು. ಪ್ರಾತ್ಯಕ್ಷಿಕೆ ನೋಡಿದವರು ನಿಧಾನವಾಗಿದ್ದರು. ಓದಿ ಕಲಿತವರು ಕಲಿತದ್ದನ್ನು ಉಳಿಸಿಕೊಂಡಿದ್ದರು.

ಕಾರಣವೇನು? ನೋಡಿದವರು ಬಹುಶಃ ಕೇವಲ ಅನುಕರಿಸುತ್ತಿದ್ದರು. ಬಾಣ ಎಲ್ಲಿಗೆ ಹೋಯಿತೊ ಅಲ್ಲಿಗೆ ಇವರ ಕೈಯೂ ಹೋಯಿತು. ಓದಿದವರು ವಾಕ್ಯವನ್ನು ಅರ್ಥಮಾಡಿಕೊಂಡು, ಪರದೆಯಲ್ಲಿ ಆ ಜಾಗವನ್ನು ತಾವೇ ಹುಡುಕಿ, ಕ್ರಿಯೆಯಾಗಿ ಪರಿವರ್ತಿಸಬೇಕಿತ್ತು. ಆ ಶ್ರಮವೇ ನೆನಪಾಯಿತು. ಶಿಕ್ಷಕರಾದ ನಿಮಗೆ ಇದು ಹೊಸದೇನಲ್ಲ. ಕಪ್ಪುಹಲಗೆಯ ಮೇಲೆ ನೀವು ಬಿಡಿಸಿದ ಲೆಕ್ಕ ಇಡೀ ತರಗತಿಗೆ ಅರ್ಥವಾಗಿರುತ್ತದೆ, ಮರುದಿನ ಹೋಂವರ್ಕ್ ಪುಸ್ತಕ ತೆರೆದಾಗ ಸತ್ಯ ಹೊರಬೀಳುತ್ತದೆ!

ಇನ್ನೊಂದು ಸುಳಿವು ಸಿಕ್ಕಿದ್ದು 2001ರಲ್ಲಿ. ರಿಚರ್ಡ್ ಮೇಯರ್ ಮತ್ತು ಪಾಲ್ ಚಾಂಡ್ಲರ್ ಮಿಂಚು ಹೇಗೆ ಉಂಟಾಗುತ್ತದೆ ಎಂಬ ಚಿಕ್ಕ ಅನಿಮೇಷನ್ ಒಂದನ್ನು 16 ತುಣುಕುಗಳಾಗಿ ಒಡೆದರು. ಪ್ರತಿ ತುಣುಕಿನ ನಂತರ 'ಮುಂದುವರಿಸಿ' ಎಂಬ ಗುಂಡಿ. ಒಂದೇ ಉಸಿರಿಗೆ ನೋಡಿದವರಿಗಿಂತ, ಮೊದಲು ತಮ್ಮ ವೇಗದಲ್ಲಿ ಗುಂಡಿ ಒತ್ತುತ್ತ ನೋಡಿದವರು ತಿಳಿದದ್ದನ್ನು ಹೊಸ ಪ್ರಶ್ನೆಗಳಿಗೆ ಹೆಚ್ಚು ಚೆನ್ನಾಗಿ ಅನ್ವಯಿಸಿದರು. ವಿಷಯ ಅದೇ, ಚಿತ್ರ ಅದೇ, ಧ್ವನಿ ಅದೇ. ಬದಲಾದದ್ದು ಗಡಿಯಾರ ಯಾರ ಕೈಯಲ್ಲಿದೆ ಎಂಬುದು ಮಾತ್ರ.

2013ರಲ್ಲಿ ನೆದರ್‌ಲೆಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದ ಹಾನ್ಸ್ ಫಾನ್ ಡೆರ್ ಮೈಜ್ ಮತ್ತು ಯಾನ್ ಫಾನ್ ಡೆರ್ ಮೈಜ್ ಇಂಥ ಅರಿವುಗಳನ್ನೆಲ್ಲ ಒಟ್ಟುಗೂಡಿಸಿ, ತಂತ್ರಾಂಶ ಕಲಿಸುವ ವಿಡಿಯೋಗಳಿಗೆ ಎಂಟು ಸೂತ್ರಗಳನ್ನು ಪ್ರಕಟಿಸಿದರು. ಬೇಕಾದ ವಿಡಿಯೋ ಸುಲಭವಾಗಿ ಸಿಗಬೇಕು, ಚಲಿಸುವ ಚಿತ್ರದೊಡನೆ ಮಾತಿನ ವಿವರಣೆ ಇರಬೇಕು, ನಿಲ್ಲಿಸಿ, ಹಿಂದೆ ಹೋಗಿ ನೋಡುವಂತಿರಬೇಕು, ಏನು ಮಾಡಲಿದ್ದೇವೆ ಎಂಬುದನ್ನು ಮೊದಲೇ ತೋರಿಸಬೇಕು, ಸಿದ್ಧಾಂತಕ್ಕಿಂತ ಮಾಡುವ ವಿಧಾನಕ್ಕೆ ಒತ್ತು ಕೊಡಬೇಕು, ಕೆಲಸ ಸರಳವೂ ಸ್ಪಷ್ಟವೂ ಆಗಿರಬೇಕು, ವಿಡಿಯೋ ಚಿಕ್ಕದಾಗಿರಬೇಕು, ಕೊನೆಯದಾಗಿ, ನೋಡಿದ್ದನ್ನು ಅಭ್ಯಾಸದಿಂದ ಗಟ್ಟಿಗೊಳಿಸಬೇಕು. ಈ ಎಂಟನೆಯ ಸೂತ್ರ ಪಾಮಿಟರ್ ಪ್ರಯೋಗ ಎತ್ತಿದ ಸಮಸ್ಯೆಗೆ ನೇರ ಉತ್ತರ.

ಅಕ್ಕಪಕ್ಕದ ಎರಡು ಕಿಂಡಿಗಳು

ಈ ಅಭ್ಯಾಸದ ಮಾತನ್ನೇ ಕೇಂದ್ರದಲ್ಲಿಟ್ಟುಕೊಂಡು ಬೆಳೆದ ಒಂದು ದೊಡ್ಡ ಪ್ರಯತ್ನ ನಮ್ಮ ದೇಶದ್ದೇ. ಮುಂಬಯಿಯ ಐ.ಐ.ಟಿ.ಯಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಕಣ್ಣನ್ ಮೌದ್ಗಲ್ಯ ಅವರ ನೇತೃತ್ವದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಅದು. 2009ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಮಾಹಿತಿ ತಂತ್ರಜ್ಞಾನದ ಮೂಲಕ ಶಿಕ್ಷಣ ನೀಡುವ ರಾಷ್ಟ್ರೀಯ ಮಿಷನ್ ಇದಕ್ಕೆ ನೆರವು ನೀಡಿತು. ಲಿನಕ್ಸ್, ಲಿಬ್ರೆಆಫೀಸ್, ಲೇಟೆಕ್, ಸೈಲ್ಯಾಬ್, ಪೈಥಾನ್ ಮುಂತಾದ ಮುಕ್ತ ತಂತ್ರಾಂಶಗಳನ್ನು ಸುಮಾರು 10 ನಿಮಿಷಗಳ ಪಾಠಗಳಲ್ಲಿ ಕಲಿಸುವುದು ಇದರ ವಿಧಾನ.

ಈ ಪಾಠಗಳನ್ನು ನೋಡಿ ಸುಮ್ಮನಾಗುವಂತಿಲ್ಲ. ಪರದೆಯ ಒಂದು ಪಕ್ಕದಲ್ಲಿ ವಿಡಿಯೋ, ಇನ್ನೊಂದು ಪಕ್ಕದಲ್ಲಿ ಅದೇ ತಂತ್ರಾಂಶವನ್ನು ತೆರೆದಿಟ್ಟುಕೊಳ್ಳಬೇಕು. ಒಂದು ಹೆಜ್ಜೆ ನೋಡಬೇಕು, ವಿಡಿಯೋ ನಿಲ್ಲಿಸಬೇಕು, ತಾನೇ ಮಾಡಬೇಕು, ಮತ್ತೆ ಮುಂದುವರಿಸಬೇಕು. ಇದಕ್ಕಾಗಿ ಪಾಠದ ನಡುವೆಯೇ 'ಇಲ್ಲಿ ವಿಡಿಯೋ ನಿಲ್ಲಿಸಿ ಈ ಅಭ್ಯಾಸ ಮಾಡಿ' ಎಂಬ ಸೂಚನೆಗಳಿರುತ್ತವೆ. ಗುರು ಇಲ್ಲದ ಊರಿನ ವಿದ್ಯಾರ್ಥಿಯೂ ತಾನಾಗಿ ಕಲಿಯಬೇಕು ಎಂಬುದು ಇಲ್ಲಿನ ಆಶಯ. ಅಂತರಜಾಲ ಇಲ್ಲದ ಕಾಲೇಜುಗಳಿಗೆ ಸಿ.ಡಿ.ಗಳ ಮೂಲಕವೂ ಪಾಠಗಳು ತಲುಪಿದವು.

ತಯಾರಿಕೆಯ ಕ್ರಮವೂ ಗಮನಾರ್ಹ. ಮೊದಲು ಮುದ್ರಣವಲ್ಲ, ಬರವಣಿಗೆ. ಎರಡು ಕಂಬಸಾಲುಗಳ ಪಟ್ಟಿ: ಎಡಕ್ಕೆ ಪರದೆಯ ಮೇಲೆ ಏನು ಕಾಣಬೇಕು, ಬಲಕ್ಕೆ ಅದೇ ಹೊತ್ತಿಗೆ ಏನು ಹೇಳಬೇಕು. ಬಳಿಕ ಆ ಬರಹವನ್ನು ವಿಷಯ ತಿಳಿಯದ ಹೊಸಬರೊಬ್ಬರಿಗೆ ಕೊಟ್ಟು, ಅದರಂತೆಯೇ ಮಾಡಲು ಹೇಳುತ್ತಾರೆ. ಅವರು ಎಲ್ಲಿ ನಿಂತರೊ ಅಲ್ಲಿ ಬರಹದಲ್ಲಿ ಕೊರತೆಯಿದೆ ಎಂದರ್ಥ. ಕ್ಯಾರೊಲ್ ಮಾಡಿದ ವೀಕ್ಷಣೆ ಇಲ್ಲಿ ಪ್ರತಿ ಪಾಠದ ಕಡ್ಡಾಯ ಮೆಟ್ಟಿಲಾಗಿದೆ.

ಕನ್ನಡದ ಅನುಕೂಲ

ಈ ಯೋಜನೆಯ ಪಾಠಗಳು ಅನೇಕ ಭಾರತೀಯ ಭಾಷೆಗಳಲ್ಲಿ, ಕನ್ನಡದಲ್ಲಿಯೂ, ಲಭ್ಯವಿವೆ. ಪರದೆ ಇಂಗ್ಲಿಷಿನಲ್ಲೇ ಇರುತ್ತದೆ; ಧ್ವನಿ ಮಾತ್ರ ಬದಲಾಗುತ್ತದೆ. ಇದರ ಹಿಂದಿನ ವಿಚಾರ ಸರಳ. ನೌಕರಿಯಲ್ಲಿ ವಿದ್ಯಾರ್ಥಿ ಎದುರಿಸುವುದು ಇಂಗ್ಲಿಷ್ ಪರದೆಯನ್ನೇ. ಆದರೆ ಅದನ್ನು ಅರ್ಥ ಮಾಡಿಕೊಳ್ಳಲು ಇಂಗ್ಲಿಷ್ ಮಾತು ಅಡ್ಡಿಯಾಗಬೇಕಿಲ್ಲ.

ಕನ್ನಡದ ಧ್ವನಿ ನೀಡುವವರಿಗೆ ಎರಡು ತೊಡಕುಗಳು ಎದುರಾಗುತ್ತವೆ. ಮೊದಲನೆಯದು ಕಾಲದ್ದು. ಕನ್ನಡ ವಾಕ್ಯ ಉದ್ದವಾದರೆ ಪರದೆಯ ಕ್ರಿಯೆ ಮುಗಿದರೂ ಮಾತು ಮುಗಿಯದು. ಹಾಗಾಗಿ ವಾಕ್ಯವನ್ನು ಕಾಲಕ್ಕೆ ತಕ್ಕಂತೆ ಹೆಣೆಯಬೇಕು. ಎರಡನೆಯದು ಪದಗಳದ್ದು. 'ಫೈಲ್' ಎಂದು ಪರದೆ ಹೇಳುವಾಗ ಧ್ವನಿ 'ಕಡತ' ಎಂದರೆ ವಿದ್ಯಾರ್ಥಿ ಕಡತವನ್ನು ಹುಡುಕುತ್ತ ಕೂರುತ್ತಾನೆ. ಕಣ್ಣಿಗೆ ಕಾಣುವ ಪದವೇ ಕಿವಿಗೂ ಕೇಳಬೇಕು. ವಿವರಣೆಯಲ್ಲಿ ಕನ್ನಡ, ಗುಂಡಿಯ ಹೆಸರಿನಲ್ಲಿ ಪರದೆಯ ಭಾಷೆ - ಇದು ಒಳ್ಳೆಯ ನಿಯಮ.

ಇನ್ನು ಅನುಕೂಲದ ಮಾತು. ಇಂಗ್ಲಿಷಿನಲ್ಲಿ ಸೂಚನೆ ಸಾಮಾನ್ಯವಾಗಿ ಕ್ರಿಯಾಪದದಿಂದ ಶುರುವಾಗುತ್ತದೆ: 'ಒತ್ತು' ಮೊದಲು, 'ಎಲ್ಲಿ' ಆಮೇಲೆ. ಕನ್ನಡದಲ್ಲಿ 'ಮೇಲ್ಗಡೆಯ ಪಟ್ಟಿಯಲ್ಲಿ, ಫೈಲ್ ಮೆನುವಿನೊಳಗೆ, ಸೇವ್ ಎಂಬುದನ್ನು ಒತ್ತಿ' ಎನ್ನುತ್ತೇವೆ. ಜಾಗ ಮೊದಲು, ವಸ್ತು ನಂತರ, ಕ್ರಿಯೆ ಕೊನೆಗೆ. ಕಣ್ಣು ಅಲ್ಲಿಗೆ ತಲುಪಿದ ಮೇಲೆ ಕೈಗೆ ಆಜ್ಞೆ. ಕಲಿಯುವವರಿಗೆ ಬೇಕಾದ ಕ್ರಮ ಇದೇ. ನಮ್ಮ ವ್ಯಾಕರಣ ಇದನ್ನು ಪುಕ್ಕಟೆಯಾಗಿ ಒದಗಿಸಿದೆ!

ಅಳಿದುಹೋಗುವ ಪಾಠಗಳು

ಇತಿಹಾಸ ಇನ್ನೂ ಒಂದು ಎಚ್ಚರಿಕೆ ಕೊಡುತ್ತದೆ. 2000ದ ದಶಕದಲ್ಲಿ ಸಾವಿರಾರು ಪಾಠಗಳು ಫ್ಲ್ಯಾಶ್ ರೂಪದಲ್ಲಿ ತಯಾರಾದವು. 2020ರ ಡಿಸೆಂಬರ್ 31ಕ್ಕೆ ಫ್ಲ್ಯಾಶ್ ಪ್ಲೇಯರಿಗೆ ಬೆಂಬಲ ಕೊನೆಗೊಂಡಿತು. ಬ್ರೌಸರುಗಳಲ್ಲಿ ಅವು ತೆರೆಯುವುದೇ ನಿಂತಿತು. ಒಳ್ಳೆಯ ಪಾಠವೂ ಒಂದು ಕಂಪನಿಯ ಕಡತ ರೂಪಕ್ಕೆ ಕಟ್ಟುಬಿದ್ದರೆ ಅದರೊಡನೆ ಮುಳುಗುತ್ತದೆ. ಇದರ ಜೊತೆಗೆ ತಂತ್ರಾಂಶವೂ ಹೊಸ ಆವೃತ್ತಿಯಲ್ಲಿ ಮುಖ ಬದಲಿಸುತ್ತದೆ. ಗುಂಡಿ ಇದ್ದ ಕಡೆ ಇರುವುದಿಲ್ಲ. ಬರಹವಾದರೆ ಒಂದು ಸಾಲು ತಿದ್ದಿದರೆ ಸಾಕು, ವಿಡಿಯೋವನ್ನು ಮತ್ತೆ ಮುದ್ರಿಸಬೇಕು. ಆದ್ದರಿಂದಲೇ ಎರಡು ಕಂಬಸಾಲುಗಳ ಬರಹವನ್ನು ಜೋಪಾನವಾಗಿಡಬೇಕು, ತುಣುಕುಗಳು ಚಿಕ್ಕದಾಗಿರಬೇಕು, ಎಲ್ಲರೂ ತೆರೆಯಬಹುದಾದ ಮುಕ್ತ ರೂಪದಲ್ಲಿರಬೇಕು. ಯಾವ ಆವೃತ್ತಿಯನ್ನು ಬಳಸಿದ್ದೇವೆ ಎಂದು ಮೊದಲಿಗೇ ಹೇಳುವುದಂತೂ ಅಗತ್ಯ.

ನೀವೂ ಮಾಡಿ ನೋಡಿ

ಒಂದು ಚಿಕ್ಕ ಪ್ರಯೋಗ ಮಾಡಿ. ಜಿಯೋಜಿಬ್ರಾ ತಂತ್ರಾಂಶದಲ್ಲಿ ತ್ರಿಭುಜ ಬಿಡಿಸಿ ಅದರ ಪರಿವೃತ್ತ ರಚಿಸುವುದನ್ನು ಐದು ನಿಮಿಷಗಳಲ್ಲಿ ಕಲಿಸುವ ಪಾಠವನ್ನು ಬರೆಯಿರಿ. ಪರದೆಯನ್ನು ಈಗಲೇ ಮುದ್ರಿಸಬೇಡಿ. ಬರಹವನ್ನು ಆ ತಂತ್ರಾಂಶ ಬಳಸದ ಒಬ್ಬ ವಿದ್ಯಾರ್ಥಿಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ನಿಯಮ ಒಂದೇ: ನೀವು ಮಾತನಾಡಬಾರದು, ಮೌಸ್ ಮುಟ್ಟಬಾರದು.

'ಪಾಲಿಗನ್ ಸಾಧನವನ್ನು ಆರಿಸಿ ಮೂರು ಕಡೆ ಕ್ಲಿಕ್ ಮಾಡಿ' ಎಂದು ನೀವು ಬರೆದಿರಬಹುದು. ವಿದ್ಯಾರ್ಥಿ ಹಾಗೆಯೇ ಮಾಡುತ್ತಾಳೆ. ತ್ರಿಭುಜ ಮುಚ್ಚುವುದಿಲ್ಲ, ಗೆರೆ ಬಾಣದ ಹಿಂದೆಯೇ ಓಡಾಡುತ್ತದೆ. ಏಕೆಂದರೆ ಕೊನೆಗೆ ಮೊದಲ ಬಿಂದುವನ್ನು ಮತ್ತೊಮ್ಮೆ ಕ್ಲಿಕ್ ಮಾಡಬೇಕು. ನಿಮ್ಮ ಕೈಗೆ ಅದು ಎಷ್ಟು ರೂಢಿಯಾಗಿದೆಯೆಂದರೆ ಬರೆಯುವಾಗ ನೆನಪಾಗಲೇ ಇಲ್ಲ. ಬಲ್ಲವರ ಕಣ್ಣಿಗೆ ಕಾಣದ ಹೆಜ್ಜೆ ಇದು. ಕಲಿಯುವವರು ಎಡವುವುದು ಇಂಥಲ್ಲೇ.

ಆ ಒಂದು ಸಾಲನ್ನು ಸೇರಿಸಿ, ಆಮೇಲೆ ಮುದ್ರಿಸಿ. ಕೊನೆಯಲ್ಲಿ, ನೀವು ತೋರಿಸದ ಒಂದು ಕೆಲಸವನ್ನು ಅಭ್ಯಾಸಕ್ಕೆ ಕೊಡಿ. ಅದೇ ತ್ರಿಭುಜದ ಅಂತರ್ವೃತ್ತವನ್ನು ರಚಿಸಲಿ. ಒಂದು ವಾರ ಬಿಟ್ಟು ಅದೇ ವಿದ್ಯಾರ್ಥಿಯನ್ನು ಮತ್ತೆ ಗಣಕದ ಮುಂದೆ ಕೂರಿಸಿ. ಆಗ ಅವಳ ಕೈ ತಡವರಿಸದಿದ್ದರೆ ನಿಮ್ಮ ವಿಡಿಯೋ ಕಲಿಸಿದೆ ಎಂದು ತಿಳಿಯಿರಿ. ತಡವರಿಸಿದರೂ ನಷ್ಟವಿಲ್ಲ. ಎಲ್ಲಿ ತಡವರಿಸಿದಳು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂದಿನ ಪಾಠ ಅಲ್ಲಿಂದ ಶುರುವಾಗಲಿ.